ಕೊಡಗಿನಲ್ಲೊಂದು ಪ್ರವಾಸ

ಕೊಡಗನ್ನು ‘ಭಾರತದ ಸ್ಕಾಟ್ಲೆಂಡ್’ ಎಂದು ಕರೆಯುವ ವಾಡಿಕೆಯುಂಟು. ಸ್ಕಾಟ್ಲೆಂಡ್ ಯುರೋಪಿನ ವಾಯವ್ಯದ ಅಂಚಿನಲ್ಲಿರುವ ನಾಡು. ಅದರ ಮೂರು ದಿಕ್ಕುಗಳಲ್ಲಿ ಸಮುದ್ರವಿದೆ. ಕೊಡಗಿಗಾದರೋ ಅಂಗೈಯಗಲದ ಕಡಲತೀರವೂ ಇಲ್ಲ. ಬೆಟ್ಟ, ಮಂಜು, ಮಳೆ ಇವಿಷ್ಟೇ ಇವೆರಡರ ಹೋಲಿಕೆಗೆ ಆಧಾರ. ಅಲ್ಲಿಯ ಅತ್ಯುನ್ನತ ಶಿಖರವಾದ ಬೆನ್ ನೆವಿಸ್‌ನ ಎತ್ತರ 1,345 ಮೀಟರು. ನಮ್ಮ ತಡಿಯಂಡಮೋಳ್ 1,748 ಮೀಟರು! ಎರವಲು ಹೆಸರನ್ನು ಬದಿಗಿರಿಸಿ ಈ ನಾಡನ್ನು ನೋಡುವುದೇ ಲೇಸು.

ಮಡಿಕೇರಿಗೆ ಬಂದವರು ರಾಜಾಸೀಟಿನಲ್ಲಿ ಸೂರ್ಯಾಸ್ತವನ್ನು ನೋಡಿ ತೃಪ್ತರಾಗುತ್ತಾರೆ. ಕೋಟೆಯೊಳಗೆ ಕಾಲಿಡುವವರು ಕಡಮೆ. ಅಲ್ಲಿ ಹಾಲೇರಿ ಅರಸರ ಅರಮನೆಯಿದೆ. ನಿಜವಾದ ಆನೆಗಳ ಗಾತ್ರದ ಎರಡು ಗಾರೆಯ ಆನೆಗಳಿವೆ. ಆಂಗ್ಲರು ಕಟ್ಟಿದ ಇಗರ್ಜಿಯೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ಸಮೀಪದ ಓಂಕಾರೇಶ್ವರ ದೇವಾಲಯವನ್ನು ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದನು. ಶಿವನ ಗುಡಿಗೆ ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳು! ಎರಡು ಶೈಲಿಗಳು ಇಷ್ಟು ನಿಸ್ಸಂಕೋಚವಾಗಿ ಕೂಡಿಕೊಂಡ ಕಟ್ಟಡಗಳು ವಿರಳ.

ತಡಿಯಂಡಮೋಳಿನ ತಪ್ಪಲಲ್ಲಿ, ಕಕ್ಕಬ್ಬೆಯ ಬಳಿ, ನಾಲ್ಕುನಾಡು ಅರಮನೆಯಿದೆ. ಅರಮನೆಯೆಂದೊಡನೆ ವೈಭವವನ್ನು ನಿರೀಕ್ಷಿಸಬೇಡಿ. ಮರದ ಕೆತ್ತನೆ, ಭಿತ್ತಿಚಿತ್ರಗಳುಳ್ಳ ಎರಡು ಅಂತಸ್ತಿನ ಮನೆಯದು. ದೊಡ್ಡವೀರರಾಜೇಂದ್ರನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಈ ಮನೆಯಲ್ಲೇ, 1834ರಲ್ಲಿ ಆಂಗ್ಲರ ಸೇನೆ ಏರಿಬಂದಾಗ, ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಆಶ್ರಯ ಪಡೆದನು. ಬಳಿಕ ಶರಣಾಗಿ ಕಾಶಿಗೆ ಕಳುಹಿಸಲ್ಪಟ್ಟನು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡನ್ನು ಸೇರಿದನು. ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ಆ ಬಾಲಕಿಗೆ ಕ್ರೈಸ್ತ ದೀಕ್ಷೆ ಕೊಡಿಸಿದಳು. ತಂದೆ 1859ರಲ್ಲಿ, ಮಗಳು 1864ರಲ್ಲಿ ಆ ದೂರದ ನೆಲದಲ್ಲೇ ತೀರಿಕೊಂಡರು. ಈ ಕಥೆಯನ್ನು ತಿಳಿದು ಆ ಮನೆಯ ಮರದ ಮೆಟ್ಟಿಲುಗಳನ್ನು ಏರಿದವರಿಗೆ ಅಲ್ಲಿಯ ನಿಶ್ಶಬ್ದವು ಬೇರೆಯೇ ಆಗಿ ತೋರುತ್ತದೆ.

ಇನ್ನು ತಲಕಾವೇರಿ. ಬ್ರಹ್ಮಗಿರಿಯ ಮಡಿಲಿನ ಪುಟ್ಟ ಕುಂಡಿಕೆಯೇ ಕಾವೇರಿಯ ಉಗಮಸ್ಥಾನ. ಪಡುವಣ ಕಡಲು ಹತ್ತಿರದಲ್ಲಿದ್ದರೂ ಈ ನದಿ ಅತ್ತ ಹರಿಯದು. ಪ್ರಸ್ಥಭೂಮಿಯ ಇಳಿಜಾರನ್ನು ಅನುಸರಿಸಿ ಮೂಡಣಕ್ಕೆ ತಿರುಗಿ, ಸುಮಾರು 800 ಕಿಲೋಮೀಟರು ಸಾಗಿ, ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ತುಲಾ ಸಂಕ್ರಮಣದಂದು ಇಲ್ಲಿ ತೀರ್ಥೋದ್ಭವವನ್ನು ಕಾಣಲು ಜನ ಕಿಕ್ಕಿರಿಯುತ್ತಾರೆ.

2018ರ ಆಗಸ್ಟಿನಲ್ಲಿ ಕೊಡಗಿನ ಅನೇಕ ಬೆಟ್ಟಗಳು ಕುಸಿದು ಮನೆಗಳೂ ತೋಟಗಳೂ ಕೊಚ್ಚಿಹೋದವು. 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿಯ ಒಂದು ಪಾರ್ಶ್ವವೇ ಜಾರಿ, ಕ್ಷೇತ್ರದ ಅರ್ಚಕರನ್ನೂ ಅವರ ಮನೆಯನ್ನೂ ಮಣ್ಣುಗೂಡಿಸಿತು. ಬಿಡದೆ ಸುರಿದ ಮಳೆಯ ನೀರನ್ನು ಹೀರಿ ಮಣ್ಣು ಭಾರವಾಗುತ್ತದೆ. ರಸ್ತೆಗಾಗಿ, ಕಟ್ಟಡಗಳಿಗಾಗಿ ಬುಡವನ್ನು ಕಡಿದ ಇಳಿಜಾರು ಆ ಭಾರವನ್ನು ತಾಳಲಾರದು. ನೋಡಲು ಬರುವವರ ವಸತಿಗೆಂದು ಕಡಿದ ಇಳಿಜಾರುಗಳೂ ಇವುಗಳಲ್ಲಿ ಸೇರಿವೆ. ಮಳೆಗಾಲ ಮುಗಿದ ಮೇಲೆ ಬನ್ನಿ. ಆಗ ಬೆಟ್ಟಗಳು ನಿಚ್ಚಳವಾಗಿ ಕಾಣುತ್ತವೆ; ಮಣ್ಣು ಜಾರಿದ ಕೆಂಪು ಗಾಯಗಳ ಮೇಲೆ ಹುಲ್ಲು ಹಬ್ಬುತ್ತಿರುವುದೂ ಅಲ್ಲಲ್ಲಿ ಕಾಣುತ್ತದೆ.