ಗೆಲುವೂ ಗರ್ವವೂ



ಸೋತ ನಾಯಕನಿಗೆ ವಿನಯವನ್ನು ಯಾರೂ ಬೋಧಿಸಬೇಕಾಗಿಲ್ಲ. ಸೋಲೇ ಅದನ್ನು ಕಲಿಸುವುದು. ಗೆದ್ದವನಿಗೆ ಕಲಿಸುವವರು ಯಾರು? ಅವನ ಕಡೆಯವರು ಜಯಘೋಷದಲ್ಲಿ ಮುಳುಗಿರುವರು. ಎದುರಾಳಿಗಳ ಮಾತಿಗೆ ಆಗ ಬೆಲೆಯಿಲ್ಲ. ಗರ್ವವು ಒಳಸೇರುವುದಕ್ಕೆ ಇದೇ ಸಮಯ. ಕೇನೋಪನಿಷತ್ತು ಒಂದು ಚಿಕ್ಕ ಕಥೆಯ ಮೂಲಕ ಈ ವಿಷಯವನ್ನು ವಿಚಾರಮಾಡಿದೆ.

ಬ್ರಹ್ಮವು ದೇವತೆಗಳಿಗೆ ಜಯವನ್ನು ಸಂಪಾದಿಸಿಕೊಟ್ಟಿತು. ದೇವತೆಗಳಾದರೋ ಆ ಜಯವೂ ಅದರ ಮಹಿಮೆಯೂ ತಮ್ಮವೇ ಎಂದು ಬಗೆದರು. ಆಗ ಅವರೆದುರಿಗೆ ಒಂದು ಯಕ್ಷವು ಕಾಣಿಸಿಕೊಂಡಿತು. ಅದೇನೆಂದು ತಿಳಿದುಬರಲು ಅಗ್ನಿಯು ಹೋದನು. ಭೂಮಿಯ ಮೇಲಿರುವುದೆಲ್ಲವನ್ನೂ ಸುಡಬಲ್ಲೆನೆಂದು ಹೇಳಿಕೊಂಡವನ ಮುಂದೆ ಯಕ್ಷವು ಒಂದು ಹುಲ್ಲುಕಡ್ಡಿಯನ್ನಿಟ್ಟಿತು. ತನ್ನ ಶಕ್ತಿಯನ್ನೆಲ್ಲ ಬಳಸಿದರೂ ಅವನಿಂದ ಅದನ್ನು ಸುಡಲಾಗಲಿಲ್ಲ. ಬಳಿಕ ಹೋದ ವಾಯುವಿಗೆ ಆ ಕಡ್ಡಿಯನ್ನು ಎತ್ತಿ ಒಯ್ಯಲಾಗಲಿಲ್ಲ. ಕೊನೆಗೆ ಇಂದ್ರನು ಸಮೀಪಿಸಲು ಯಕ್ಷವೇ ಮರೆಯಾಯಿತು. ಮೊದಲಿನ ಇಬ್ಬರಂತೆ ಅವನು ಹಿಂದಿರುಗಲಿಲ್ಲ, ಅಲ್ಲಿಯೇ ಚಿಂತಿಸುತ್ತ ನಿಂತನೆಂದು ಶಂಕರರ ಭಾಷ್ಯವು ವಿವರಿಸುತ್ತದೆ. ಆ ಎಡೆಯಲ್ಲಿಯೇ ಹೈಮವತಿಯಾದ ಉಮೆಯು ತೋರಿಕೊಂಡು, ಅದು ಬ್ರಹ್ಮವೆಂದೂ ಅದರ ಜಯದಿಂದಲೇ ದೇವತೆಗಳು ಮಹಿಮೆ ಪಡೆದರೆಂದೂ ತಿಳಿಸಿದಳು.

ಅಗ್ನಿವಾಯುಗಳು ತಮ್ಮ ಸಾಮರ್ಥ್ಯವನ್ನು ಹೇಳಿಕೊಂಡರು; ಇಂದ್ರನು ಪ್ರಶ್ನೆಯನ್ನು ಕೇಳಿದನು. ಇದರಿಂದ ಅವನ ಪದವಿಗೆ ಕುಂದು ಬರಲಿಲ್ಲ. ಮೊದಲು ತಿಳಿದವನು ಅವನಾದುದರಿಂದಲೇ ಇತರ ದೇವತೆಗಳನ್ನು ಮೀರಿದನೆಂದು ಉಪನಿಷತ್ತು ಹೇಳುತ್ತದೆ.

ಎಲ್ಲವೂ ದೈವದಿಂದಲೇ ಆಗುವುದಾದರೆ ನಾಯಕನ ಪ್ರಯತ್ನವೇಕೆ ಎಂದು ಯಾರಾದರೂ ಕೇಳಬಹುದು. ಭಗವದ್ಗೀತೆಯ 18ನೆಯ ಅಧ್ಯಾಯವು ಕಾರ್ಯಸಿದ್ಧಿಗೆ ಐದು ಕಾರಣಗಳನ್ನು ಎಣಿಸಿದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಪ್ರಯತ್ನವನ್ನು ಇಲ್ಲಿ ತಳ್ಳಿಹಾಕಿಲ್ಲ. ಆದರೆ ಐದರಲ್ಲೊಂದಾದ ಕರ್ತೃವು ತಾನೊಬ್ಬನೇ ಕಾರಣನೆಂದು ತಿಳಿಯುವುದು ಲೆಕ್ಕದ ತಪ್ಪು.

ಇದಕ್ಕಿಂತಲೂ ಸೂಕ್ಷ್ಮವಾದ ಗರ್ವವೊಂದುಂಟು. ಅದು ಭಕ್ತಿಯ ವೇಷದಲ್ಲಿಯೇ ಬರುವುದು. “ನಾನು ಮಾಡುತ್ತಿರುವುದು ದೇವರ ಕೆಲಸ” ಎಂದವನಿಗೆ ತನ್ನನ್ನು ವಿರೋಧಿಸುವವರೆಲ್ಲರೂ ದೇವದ್ರೋಹಿಗಳಾಗಿ ಕಾಣುವರು. ತನ್ನ ಉದ್ದೇಶಗಳನ್ನು ಪರೀಕ್ಷಿಸಿಕೊಳ್ಳುವ ಅಗತ್ಯವೇ ಅವನಿಗೆ ತೋರದು. ಈ ಅಪಾಯವನ್ನು ಚೆನ್ನಾಗಿ ಅರಿತಿದ್ದ ರಾಜ್ಯನಿರ್ವಾಹಕನು ಅಮೆರಿಕದ ಅಬ್ರಹಾಂ ಲಿಂಕನ್.

ಆ ದೇಶದಲ್ಲಿ 1861ರಲ್ಲಿ ತೊಡಗಿದ ಅಂತರ್ಯುದ್ಧವು 1865ರ ಮಾರ್ಚಿ ವೇಳೆಗೆ ಮುಗಿಯುತ್ತ ಬಂದಿತ್ತು. ಲಿಂಕನ್ನನ ಪಕ್ಷಕ್ಕೆ ಗೆಲುವು ಹತ್ತಿರವಾಗಿತ್ತು. ಆ ತಿಂಗಳ 4ನೆಯ ತಾರೀಖು ಎರಡನೆಯ ಬಾರಿ ಅಧಿಕಾರ ಸ್ವೀಕರಿಸಿದಾಗ ಅವನು ಜಯಭಾಷಣ ಮಾಡಲಿಲ್ಲ. ಎರಡು ಪಕ್ಷದವರೂ ಒಬ್ಬನೇ ದೇವರನ್ನು ಪ್ರಾರ್ಥಿಸಿದರು. ಯಾರ ಪ್ರಾರ್ಥನೆಯೂ ಪೂರ್ಣವಾಗಿ ಫಲಿಸಲಿಲ್ಲ. ಗುಲಾಮಗಿರಿಯ ಪಾಪಕ್ಕಾಗಿ ಉತ್ತರ ದಕ್ಷಿಣಗಳೆರಡಕ್ಕೂ ಈ ಯುದ್ಧವು ಬಂದಿರಬಹುದು ಎಂಬುದು ಅವನ ಮಾತಿನ ಸಾರ. ಹನ್ನೊಂದು ದಿನಗಳ ಮೇಲೆ ಬರೆದ ಒಂದು ಕಾಗದದಲ್ಲಿ, ದೇವರ ಉದ್ದೇಶವು ತಮ್ಮ ಉದ್ದೇಶಕ್ಕಿಂತ ಬೇರೆಯೆಂದು ತೋರಿಸಿದರೆ ಜನರಿಗೆ ಹಿತವಾಗದೆಂದು ಅವನು ಒಪ್ಪಿಕೊಂಡನು. ಆ ಮಾತಿನಲ್ಲಿರುವ ಅವಮಾನವು ಎಲ್ಲರಿಗಿಂತ ಹೆಚ್ಚಾಗಿ ತನಗೇ ತಗಲುವುದರಿಂದ ತಾನು ಅದನ್ನು ಹೇಳಬಹುದೆಂದು ಭಾವಿಸಿದನು. ಮುಂದಿನ ತಿಂಗಳೇ ಅವನು ಕೊಲೆಗಾರನ ಗುಂಡಿಗೆ ಬಲಿಯಾದನು.

ಗುಲಾಮಗಿರಿಯು ಅನ್ಯಾಯವೆಂಬ ನಿಶ್ಚಯದಲ್ಲಿ ಅವನು ಎಂದೂ ಸಡಿಲವಾಗಲಿಲ್ಲ. ನ್ಯಾಯದ ಪಕ್ಷದಲ್ಲಿ ದೃಢವಾಗಿ ನಿಂತೂ, ತನ್ನ ಪಕ್ಷದ ಪಾಪವನ್ನು ಲೆಕ್ಕಕ್ಕೆ ಹಿಡಿದನು. ದೇವರನ್ನು ನಂಬಿದ್ದೇನೆಂದು ಹೇಳುವ ನಾಯಕನು ತನ್ನನ್ನು ತಾನು ಕೇಳಿಕೊಳ್ಳಬೇಕಾದುದು ಇಷ್ಟೆ: ಈ ಸತ್ಕಾರ್ಯವು ಇನ್ನೊಬ್ಬನ ಕೈಯಿಂದ, ಇನ್ನೊಬ್ಬನ ಹೆಸರಿನಲ್ಲಿ ನೆರವೇರಿದರೆ ನನಗೆ ಇಷ್ಟೇ ಸಂತೋಷವಾಗುವುದೆ? ಆಗುವುದೆಂದು ನಿಜವಾಗಿ ಹೇಳಬಲ್ಲವನು ಕಾರ್ಯವನ್ನು ಪ್ರೀತಿಸುತ್ತಾನೆ. ಹೇಳಲಾರದವನು ತನ್ನ ಉದ್ದೇಶವನ್ನು ಮತ್ತೊಮ್ಮೆ ಶೋಧಿಸಿಕೊಳ್ಳುವುದು ಒಳ್ಳೆಯದು.