ಬೆಂಕಿ ರೋಗ: ಹೆಸರು ಒಂದು, ರೂಪ ಹಲವು

ಕುಬಟೂರಿನ ಸುತ್ತಣ ಸೀಮೆಯಲ್ಲಿ ಭತ್ತ ಬೆಳೆಯುವವರು ಅಂಜುವ ವ್ಯಾಧಿಗಳಲ್ಲಿ ಬೆಂಕಿ ರೋಗವೂ ಒಂದು. ಈ ಹೆಸರನ್ನು ಇಟ್ಟವನು ಪಂಡಿತನಲ್ಲ; ಹಸಿರಾಗಿದ್ದ ಪೈರು ಕಿಚ್ಚು ತಗುಲಿದಂತೆ ಕರಕಾದುದನ್ನು ಬದುವಿನ ಮೇಲೆ ನಿಂತು ಕಂಡ ಬೇಸಾಯಗಾರನೇ ಆಗಿರಬೇಕು. ಎಲೆಯ ಮೇಲೆ ಕದಿರಿನಾಕಾರದ ಮಚ್ಚೆ ಮೂಡುತ್ತದೆ. ಅದರ ನಡುಭಾಗ ಬೂದಿಬಣ್ಣ, ಅಂಚು ಕಂದು. ರೋಗವು ತೆನೆಯ ಕುತ್ತಿಗೆಗೆ ಏರಿತೆಂದರೆ ತೆನೆ ಮುರಿದು ಬೀಳುತ್ತದೆ, ಕಾಳು ಜೊಳ್ಳಾಗುತ್ತದೆ. ಕಣಜಕ್ಕೂ ದಾಸೋಹಕ್ಕೂ ಬರಬೇಕಾದ ಧಾನ್ಯ ಗದ್ದೆಯಲ್ಲಿಯೇ ನಷ್ಟವಾಗುತ್ತದೆ.

ಇದಕ್ಕೆ ಕಾರಣ ಪಿರಿಕ್ಯುಲೇರಿಯ ಒರೈಜೆ ಎಂಬ ಶಿಲೀಂಧ್ರ. ಇದರ ಬೀಜಕಗಳು ಬರಿಗಣ್ಣಿಗೆ ಗೋಚರಿಸವು. ಗಾಳಿಯಲ್ಲಿ ತೇಲಿಬಂದ ಬೀಜಕವು ಇಬ್ಬನಿಯಿಂದ ತೊಯ್ದ ಎಲೆಗೆ ಅಂಟಿ ಮೊಳೆತು, ಗುಮ್ಮಟದಂತಹ ಅಂಗವೊಂದನ್ನು ಕಟ್ಟಿಕೊಂಡು, ಅದರೊಳಗೆ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು ಒತ್ತಡವನ್ನು ಸಂಚಯಿಸಿ ಎಲೆಯ ಚರ್ಮವನ್ನು ಚುಚ್ಚುತ್ತದೆ. ಇಷ್ಟು ಅಲ್ಪಕಾಯಕ್ಕೆ ಇಷ್ಟು ಬಲವೇ ಎಂದು ಅಚ್ಚರಿಪಡಬೇಕು!

ಆದರೆ ಇದಕ್ಕಿಂತಲೂ ಗಹನವಾದುದು ಇದರ ವೈವಿಧ್ಯ. ಬೇರೆ ಬೇರೆ ಗದ್ದೆಗಳಿಂದ ತಂದ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರೆ ಒಂದು ಬಿಳಿದು, ಒಂದು ಬೂದಿ, ಒಂದು ಕಪ್ಪು. ಒಂದು ಅರಳೆಯಂತೆ ಉಬ್ಬಿದ್ದರೆ ಇನ್ನೊಂದು ನುಣುಪು. ಹೊರರೂಪದ ಈ ಭೇದವನ್ನು ನೆಚ್ಚುವಂತಿಲ್ಲ. ನೋಟಕ್ಕೆ ಒಂದೇ ಆದವು ವಂಶವಾಹಿಗಳಲ್ಲಿ ಬೇರೆಯಾಗಿರಬಹುದು. ನಿಘಂಟಿನ ನಾನಾರ್ಥ ಪದದಂತೆ ಅಕ್ಷರ ಅವೇ, ಅರ್ಥ ಮಾತ್ರ ಬೇರೆ. ರಾಗಿಯ ಬೆಂಕಿ ರೋಗವೂ ಇದೇ ಬಳಗದ್ದು. ಆದರೂ ರಾಗಿಗೆ ಒಗ್ಗಿದ ಕವಲು ಸಾಮಾನ್ಯವಾಗಿ ಭತ್ತವನ್ನು ಬಾಧಿಸದು. ಗೋಧಿಯನ್ನು ಕಾಡುವ ಕವಲು ಬ್ರೆಜಿಲ್ ದೇಶದಲ್ಲಿ 1985ರಲ್ಲಿ ಮೊದಲು ಕಂಡು, 2016ರಲ್ಲಿ ಬಾಂಗ್ಲಾದೇಶದ ಹೊಲಗಳನ್ನು ಹಾಳುಮಾಡಿತು.

ಒಂದೊಂದು ತಳಿಯ ನಿರೋಧಶಕ್ತಿ ಹೇಗೆ ನಡೆಯುತ್ತದೆಂಬುದನ್ನು ಅಗಸೆಯ ತುಕ್ಕು ರೋಗವನ್ನು ಅಭ್ಯಸಿಸಿದ ಅಮೆರಿಕದ ಫ್ಲೋರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಬಿಡಿಸಿದನು. ಸಸ್ಯದ ಒಂದು ವಂಶವಾಹಿಯು ರೋಗಾಣುವಿನ ಒಂದು ವಂಶವಾಹಿಯ ಗುರುತನ್ನು ಹಿಡಿದು ಎಚ್ಚರಗೊಳ್ಳುತ್ತದೆ. ಬೆಂಕಿ ರೋಗದ ಶಿಲೀಂಧ್ರ ಗದ್ದೆಯಲ್ಲಿ ಬಹುಮಟ್ಟಿಗೆ ಗಂಡುಹೆಣ್ಣುಗಳ ಕೂಟವಿಲ್ಲದೆ ವೃದ್ಧಿಸಿದರೂ, ಆ ಗುರುತಿನ ವಂಶವಾಹಿಯನ್ನೇ ಕಳೆದುಕೊಳ್ಳುವ ಉಪಾಯವನ್ನು ಬಲ್ಲದು. ವೇಷ ಕಳಚಿ ಬಂದ ಕಳ್ಳನನ್ನು ಕಾವಲುಗಾರ ಹೇಗೆ ಹಿಡಿದಾನು? ಒಂದೇ ತಳಿ ಊರತುಂಬ ನಿಂತಿರುವಲ್ಲಿ ಅಂತಹ ಒಂದು ಕವಲಿಗೆ ಎಲ್ಲ ಗದ್ದೆಗಳ ಬಾಗಿಲೂ ಒಮ್ಮೆಗೇ ತೆರೆಯುತ್ತದೆ. ರೋಗ ಉಲ್ಬಣವಾಗಿರುವ ಕೊಡಗಿನ ಪೊನ್ನಂಪೇಟೆಯಲ್ಲಿ ಪರೀಕ್ಷೆಗೆ ನಿಂತ ತಳಿಯೂ ಸೊರಬದಲ್ಲಿ ಸದಾಕಾಲ ನಿಲ್ಲುವುದೆಂಬ ಭರವಸೆಯಿಲ್ಲ.

ಚೀನದ ಯುನ್ನಾನ್ ಪ್ರಾಂತದಲ್ಲಿ ರೋಗಕ್ಕೆ ಬೇಗ ಈಡಾಗುವ ಅಂಟುಭತ್ತದ ಸಾಲುಗಳನ್ನು ನಿರೋಧಕ ತಳಿಯ ನಡುವೆ ನೆಟ್ಟು ನೋಡಿದರು. ಅಂಟುಭತ್ತವನ್ನು ಒಂಟಿಯಾಗಿ ಬೆಳೆದಾಗಿನದಕ್ಕಿಂತ ರೋಗ ಶೇಕಡಾ 94ರಷ್ಟು ಕಡಿಮೆಯಾಯಿತೆಂದು 2000ದಲ್ಲಿ ಪ್ರಕಟವಾಯಿತು. ನಮ್ಮ ಮಲೆನಾಡಿನ ಹಿರಿಯರು ಮಕ್ಕಿಗೊಂದು, ಬಯಲಿಗೊಂದು ಭತ್ತವೆಂದು ಹಲವು ಬಗೆಯ ಬೀಜಗಳನ್ನು ಕಾಪಾಡಿದ್ದರು. ಅವರಿಗೆ ವಂಶವಾಹಿಯ ಶಾಸ್ತ್ರ ತಿಳಿಯದು. ನೆಲದ ಗುಣ ತಿಳಿದಿತ್ತು. ಇಂದಿನ ಬೇಸಾಯಗಾರನು ರೋಗ ಬಿದ್ದ ಗದ್ದೆಯ ಬೀಜವನ್ನು ಬಿತ್ತನೆಗೆ ತೆಗೆದಿಡದೆ, ಯೂರಿಯವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಹಾಕಿ, ಪಕ್ಕದ ಗದ್ದೆಯವನೊಡನೆ ಮಾತಾಡಿಕೊಂಡು ಬೇರೆ ಬೇರೆ ತಳಿಗಳನ್ನು ನೆಡುವುದು ಸಾಧ್ಯವಿದೆ. ಸಸಿಮಡಿ ಹಾಕುವ ಮುನ್ನವೇ ಈ ಮಾತು ಆಗಬೇಕು.