ಕ್ಲಾರಿಸ್‌ಳನ್ನು ನೋಡುವ ಕಣ್ಣುಗಳು

‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಎಂದೊಡನೆ ಕಣ್ಮುಂದೆ ಬರುವುದು ಆ್ಯಂಟನಿ ಹಾಪ್ಕಿನ್ಸ್ ಮುಖ, ರೆಪ್ಪೆ ಮಿಟುಕಿಸದೆ ದಿಟ್ಟಿಸುವ ನರಭಕ್ಷಕ ಮನೋವೈದ್ಯ ಹ್ಯಾನಿಬಲ್ ಲೆಕ್ಟರ್. ಸುಮಾರು ಎರಡು ಗಂಟೆಯ ಚಿತ್ರದಲ್ಲಿ ಆತ ಇರುವುದು ಅರ್ಧ ಗಂಟೆಗೂ ಕಡಿಮೆ. ಚಿತ್ರವನ್ನು ಹೊತ್ತು ನಡೆಯುವವಳು ಕ್ಲಾರಿಸ್ ಸ್ಟಾರ್ಲಿಂಗ್, ಎಫ್‌ಬಿಐ ತರಬೇತಿಯನ್ನೇ ಇನ್ನೂ ಮುಗಿಸದ ಹುಡುಗಿ. ಹೆಂಗಸರನ್ನು ಕೊಂದು ಚರ್ಮ ಸುಲಿಯುತ್ತಿರುವ ‘ಬಫಲೋ ಬಿಲ್’ ಎಂಬಾತನ ಸುಳಿವು ಲೆಕ್ಟರ್‌ನಿಂದ ಸಿಗಬಹುದೆಂದು ಮೇಲಧಿಕಾರಿ ಕ್ರಾಫರ್ಡ್ ಅವಳನ್ನು ಆತನನ್ನು ಬಂಧಿಸಿಟ್ಟಿರುವ ಮಾನಸಿಕ ಆಸ್ಪತ್ರೆಗೆ ಕಳಿಸುತ್ತಾನೆ. ನಿಜವಾದ ಉದ್ದೇಶವನ್ನು ಅವಳಿಗೂ ಹೇಳಿರುವುದಿಲ್ಲ.

1991ರ ಈ ಚಿತ್ರ ಇಂದಿಗೂ ಮೈ ನಡುಗಿಸುವುದಕ್ಕೆ ಕಾರಣ ರಕ್ತಪಾತವಲ್ಲ. ಕ್ಲಾರಿಸ್‌ಳನ್ನು ಯಾರು, ಹೇಗೆ ನೋಡುತ್ತಾರೆ ಎಂಬುದರ ಮೇಲೆ ನಿರ್ದೇಶಕ ಜೊನಾಥನ್ ಡೆಮ್ಮಿ ಇಡೀ ಕಥೆಯನ್ನು ಕಟ್ಟಿದ್ದಾರೆ.

ಆರಂಭದ ಲಿಫ್ಟ್ ದೃಶ್ಯವನ್ನೇ ಗಮನಿಸಿ. ಓಡಿ ಬೆವರಿದ ಕ್ಲಾರಿಸ್ ಒಳಗೆ ಬರುತ್ತಾಳೆ. ಸುತ್ತ ಕೆಂಪು ಅಂಗಿಯ, ಅವಳಿಗಿಂತ ಒಂದು ತಲೆ ಎತ್ತರದ ಗಂಡಸರು. ಯಾರೂ ಕೆಟ್ಟದಾಗಿ ನಡೆದುಕೊಳ್ಳುವುದಿಲ್ಲ, ಆದರೂ ನೋಡುವವರಿಗೆ ಉಸಿರು ಕಟ್ಟುತ್ತದೆ. ಮುಂದೆ ಅವಳೊಂದಿಗೆ ಮಾತನಾಡುವವರೆಲ್ಲ ಹೆಚ್ಚುಕಡಿಮೆ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾರೆ. ಕ್ಲಾರಿಸ್ ಮಾತ್ರ ಲೆನ್ಸ್‌ನಿಂದ ತುಸು ಪಕ್ಕಕ್ಕೆ ನೋಡುತ್ತಾಳೆ. ಛಾಯಾಗ್ರಾಹಕ ಟಾಕ್ ಫುಜಿಮೋಟೊ ಹೀಗೆ ಸದ್ದಿಲ್ಲದೆ ನಮ್ಮನ್ನು ಅವಳ ಜಾಗದಲ್ಲಿ ನಿಲ್ಲಿಸಿಬಿಡುತ್ತಾರೆ. ಅಳೆಯುವ, ಕೆಣಕುವ ಆ ಕಣ್ಣುಗಳು ಈಗ ನಮ್ಮನ್ನೇ ಅಳೆಯತೊಡಗುತ್ತವೆ.

ಲೆಕ್ಟರ್‌ನ ಕೋಣೆಗೆ ಕಂಬಿಗಳಿಲ್ಲ, ದಪ್ಪ ಗಾಜು. ಇಬ್ಬರ ನಡುವೆ ಏನೂ ಇಲ್ಲವೆನ್ನಿಸುವಂಥ ಪಾರದರ್ಶಕತೆ ಅದು. ಆತ ಅವಳ ಒಳ್ಳೆಯ ಬ್ಯಾಗನ್ನೂ ಅಗ್ಗದ ಶೂಗಳನ್ನೂ ನೋಡಿಯೇ ಅವಳ ಬಡ ಬಾಲ್ಯವನ್ನು ಓದಿ ಹೇಳುತ್ತಾನೆ. ಕ್ಲಾರಿಸ್ ಪಾತ್ರದ ಜೋಡಿ ಫಾಸ್ಟರ್ ಇಲ್ಲಿ ತೋರುವ ಸಂಯಮ ಅಸಾಧಾರಣ: ಕಣ್ಣಂಚು ಒದ್ದೆಯಾಗುತ್ತದೆ, ದನಿ ಮಾತ್ರ ಬೀಳುವುದಿಲ್ಲ. ಅದೇ ತೀಕ್ಷ್ಣ ನೋಟವನ್ನು ನಿಮ್ಮ ಮೇಲೂ ತಿರುಗಿಸಿಕೊಳ್ಳುವ ಧೈರ್ಯ ಇದೆಯೇ ಎಂದು ತಿರುಗಿ ಕೇಳುತ್ತಾಳೆ.

ಇನ್ನೊಂದು ದೃಶ್ಯ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ನನಗೆ ಅದೇ ಚಿತ್ರದ ಜೀವ. ವೆಸ್ಟ್ ವರ್ಜೀನಿಯಾದಲ್ಲಿ ಹೆಣದ ಪರೀಕ್ಷೆಗೆ ಹೋದಾಗ, ಹೆಂಗಸಿನ ಎದುರು ಇಂಥದ್ದು ಮಾತಾಡುವುದು ಬೇಡವೆಂದು ಕ್ರಾಫರ್ಡ್ ಊರಿನ ಶೆರಿಫ್‌ನನ್ನು ಪಕ್ಕಕ್ಕೆ ಕರೆದೊಯ್ಯುತ್ತಾನೆ. ಕ್ಲಾರಿಸ್ ಪೊಲೀಸರ ನಡುವೆ ಒಬ್ಬಳೇ ಉಳಿಯುತ್ತಾಳೆ. ವಾಪಸು ಬರುವಾಗ, ಅದು ಬರೀ ಉಪಾಯವಾಗಿತ್ತು ಎಂದು ಆತ ಸಮಜಾಯಿಷಿ ಕೊಡುತ್ತಾನೆ. ಅವಳು ಒಪ್ಪುವುದಿಲ್ಲ: ಹೇಗೆ ನಡೆದುಕೊಳ್ಳಬೇಕೆಂದು ಆ ಪೊಲೀಸರು ನಿಮ್ಮನ್ನು ನೋಡಿ ಕಲಿಯುತ್ತಾರೆ ಎನ್ನುತ್ತಾಳೆ. ಕೊಲೆಗಾರನೊಬ್ಬನನ್ನು ಹಿಡಿಯುವ ಕಥೆಯಲ್ಲಿ, ಸಜ್ಜನ ಅಧಿಕಾರಿಯೂ ಉತ್ತರಿಸಬೇಕಾದ ಪ್ರಶ್ನೆಯೊಂದು ಹೀಗೆ ಎದ್ದು ನಿಲ್ಲುತ್ತದೆ.

ಬಾಲ್ಯದಲ್ಲಿ ಕೇಳಿದ ಕುರಿಮರಿಗಳ ಚೀರಾಟದ ನೆನಪನ್ನು ಕ್ಲಾರಿಸ್ ಲೆಕ್ಟರ್‌ಗೆ ಹೇಳುವಾಗ ಫ್ಲ್ಯಾಶ್‌ಬ್ಯಾಕ್ ಇಲ್ಲ. ಒಂದು ಮುಖ, ಒಂದು ದನಿ, ಅಷ್ಟೇ.

ಥಾಮಸ್ ಹ್ಯಾರಿಸ್‌ರ 1988ರ ಕಾದಂಬರಿಯಿಂದ ಹುಟ್ಟಿದ ಈ ಸಿನಿಮಾ ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಐದಕ್ಕೂ ಆಸ್ಕರ್ ಪಡೆಯಿತು. ಬಫಲೋ ಬಿಲ್‌ನ ಚಿತ್ರಣ ಲಿಂಗ ಅಲ್ಪಸಂಖ್ಯಾತರ ಬಗ್ಗೆ ಭಯ ಬಿತ್ತುತ್ತದೆ ಎಂಬ ಆಕ್ಷೇಪ ಆಗಲೇ ಕೇಳಿಬಂದಿತ್ತು. ಅದು ನ್ಯಾಯವಾದ ಆಕ್ಷೇಪ. ಆತ ನಿಜವಾದ ಲಿಂಗಪರಿವರ್ತಿತ ವ್ಯಕ್ತಿಯಲ್ಲ ಎಂದು ಲೆಕ್ಟರ್ ಬಾಯಲ್ಲಿ ಹೇಳಿಸಿದರೂ ತೆರೆಯ ಮೇಲಿನ ಬಿಂಬ ಆ ಮಾತಿಗಿಂತ ಜೋರಾಗಿದೆ.

ಕೊನೆಯಲ್ಲಿ ಡೆಮ್ಮಿ ಎಲ್ಲವನ್ನೂ ತಿರುವಿ ಹಾಕುತ್ತಾರೆ. ಬಫಲೋ ಬಿಲ್‌ನನ್ನು ಹುಡುಕುತ್ತ ಕ್ಲಾರಿಸ್ ಇಳಿದ ಅವನ ಮನೆಯ ನೆಲಮಾಳಿಗೆಯ ದೀಪ ಆರುತ್ತದೆ. ಕೊಲೆಗಾರನಿಗೆ ಕತ್ತಲಲ್ಲೂ ಕಾಣುವ ಕನ್ನಡಕವಿದೆ. ಅಷ್ಟು ಹೊತ್ತು ಕ್ಲಾರಿಸ್‌ಳ ಜಾಗದಲ್ಲಿದ್ದ ನಾವು ಈಗ ಅವನ ಕಣ್ಣಿನಿಂದ, ಹಸಿರು ಮಬ್ಬಿನಲ್ಲಿ, ತಡಕಾಡುವ ಅವಳನ್ನು ನೋಡುತ್ತಿದ್ದೇವೆ. ಅವನ ಕೈ ಅವಳ ಕೂದಲಿನ ಹತ್ತಿರಕ್ಕೆ ಚಾಚುತ್ತದೆ. ಅವಳಿಗೆ ಏನೂ ಕಾಣುತ್ತಿಲ್ಲ. ರಿವಾಲ್ವರ್‌ನ ಕುದುರೆ ಎಳೆದ ಸದ್ದು ಕೇಳಿದ್ದೇ ತಡ, ತಿರುಗಿ ಗುಂಡು ಹಾರಿಸುತ್ತಾಳೆ.